ಹದಿನಾಲ್ಕು ಮೆಟ್ಟಿಲ ಮೇಲಿನ ಮೇಳ

ಬನಹಟ್ಟಿಯ ರತ್ನಾಬಾಯಿಯ ಟ್ರಂಕಿನಲ್ಲಿ ಎಂಟು ಶಾಲುಗಳಿದ್ದವು. ಎಂಟನ್ನೂ ಹೊದಿಸಿದ್ದು ಒಂದೇ ಸಂಘದವರು, ಅದೂ ವರ್ಷಕ್ಕೊಂದರಂತೆ, ಒಂದೇ ಮೇಳದಲ್ಲಿ. ನೂಲನ್ನು ಎರಡು ಬೆರಳ ನಡುವೆ ಹೊಸೆದರೆ ಸಾಕು, ಅದು ಯಾವ ಗಿರಣಿಯದು, ಎಷ್ಟನೇ ನಂಬರಿನದು ಎಂದು ಹೇಳುವ ಹೆಂಗಸು ಅವಳು. ಅಂಥವಳಿಗೆ ಎರಡು ಸಲ ಒಗೆದರೆ ಜಾಳಿಗೆಯಾಗುವ ಶಾಲು ಹೊದಿಸಿ ಸನ್ಮಾನ ಅನ್ನುವುದಕ್ಕೆ ದೊಡ್ಡ ಧೈರ್ಯವೇ ಬೇಕು. ಆದರೆ ಶಾಲು ಕಳಪೆ ಎಂದು ಅವಳೇನೂ ಸಿಟ್ಟಾಗಿರಲಿಲ್ಲ. ಸಿಟ್ಟಿಗೆ ಕಾರಣ ಬೇರೆ ಇತ್ತು. ಅವಳು ಅವರನ್ನು ಒಂದು ಸಲವೂ ಶಾಲು ಕೇಳಿರಲಿಲ್ಲ.

ಮೂರನೇ ವಯಸ್ಸಿಗೆ ಜ್ವರ ಬಂದು ಅವಳ ಎರಡೂ ಕಾಲುಗಳ ಬಲ ಹೋಗಿತ್ತು. ಅಪ್ಪ ನೇಕಾರ. ಮನೆಯೊಳಗೆ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು, ತುಳಿಯುತ್ತ ನೇಯುವ ಮಗ್ಗ ಅದು. ಕಾಲಿಲ್ಲದವರಿಗೆ ಅಲ್ಲಿ ಕೆಲಸವಿಲ್ಲ ಎಂದು ಎಲ್ಲರೂ ತಿಳಿದಿದ್ದರು. ರತ್ನಾ ಮಾತ್ರ ಮಗ್ಗದ ಪಕ್ಕ ಕೂತು ಕಂಡಿಕೆಗೆ ನೂಲು ಸುತ್ತುತ್ತ, ಅಪ್ಪ ನೇಯ್ದ ಸೀರೆಯ ದಡಿಯನ್ನು, ಅಂದರೆ ಅಂಚನ್ನು, ನೋಡುತ್ತ ನೋಡುತ್ತ, ಹನ್ನೆರಡನೇ ವಯಸ್ಸಿಗೇ ಚೌಕಳಿ ಹಾಳೆಯ ಮೇಲೆ ತನ್ನದೇ ದಡಿ ಬರೆಯತೊಡಗಿದಳು. ಅಪ್ಪ ಹೋದ ಮೇಲೆ ನೂಲು ಕೊಡುವುದು, ನೇಯಿಸುವುದು, ಸೀರೆ ಮಾರುವುದು ಎಲ್ಲ ಅವಳ ಪಾಲಿಗೇ ಬಂತು. ಊರಿಗೆ ಊರೇ ಪವರ್‌ಲೂಮಿನ ಖಟಖಟದಲ್ಲಿ ಮುಳುಗಿದ್ದ ಕಾಲದಲ್ಲಿ, ಎರಡು ಸಾವಿರದ ಮೂರರಲ್ಲಿ, ಅವಳಿಗಾಗಿ ಹನ್ನೊಂದು ಕುಣಿಮಗ್ಗಗಳು ನಡೆಯುತ್ತಿದ್ದವು. ಕೈಯಿಂದ ತಿರುವುವ ಮೂರುಗಾಲಿ ಸೈಕಲ್ಲಿನಲ್ಲಿ ಕೂತು ರಬಕವಿಯಿಂದ ಬನಹಟ್ಟಿಯವರೆಗೆ ಓಣಿ ಓಣಿ ಸುತ್ತಿ, ಮಗ್ಗದವರ ಮನೆಯ ಬಾಗಿಲಲ್ಲೇ ಗಾಡಿ ನಿಲ್ಲಿಸಿ, ದಡಿ ತಿರುವಿ ನೋಡಿ ತಪ್ಪು ಹಿಡಿಯುತ್ತಿದ್ದಳು. ಹಿಡಿದರೆ ಬಿಡುತ್ತಿರಲಿಲ್ಲ. ಬಾಯಿ ಜೋರು ಎಂದು ಹೆಸರಾಗಿತ್ತು. ಆ ಹೆಸರು ಸುಳ್ಳೇನಲ್ಲ.

ಅವಳು ಕಟ್ಟಿದ ದಡಿಗಳಲ್ಲಿ ಹೆಸರಾದದ್ದು ಗುಲಗಂಜಿ ದಡಿ. ಕೆಂಪು ಮೈ, ಕರಿ ಮೂತಿಯ ಸಣ್ಣ ಕಾಳುಗಳು ಸಾಲುಸಾಲಾಗಿ ದಡಿಯುದ್ದಕ್ಕೂ ಹೋಗುತ್ತಿದ್ದವು. ಅದನ್ನು ನೇಯುವುದರಲ್ಲಿ ಎಲ್ಲರಿಗಿಂತ ಮುಂದು ಶೇವಂತಿ. ಅನಗವಾಡಿಯವಳು. ಮನೆ ಅಣೆಕಟ್ಟಿನ ಹಿನ್ನೀರಿಗೆ ಹೋದ ಮೇಲೆ ಗಂಡನೊಂದಿಗೆ ಬನಹಟ್ಟಿಗೆ ಬಂದು ಮಗ್ಗ ಕಲಿತವಳು. ರತ್ನಾಬಾಯಿ ಬೈದಷ್ಟೂ ಅವಳ ನೇಯ್ಗೆ ಚೊಕ್ಕವಾಗುತ್ತ ಹೋಯಿತು.

ಇನ್ನು ಮೇಳದ ಮಾತು. ಊರಿನ ನೇಕಾರರ, ಜವಳಿ ವ್ಯಾಪಾರಸ್ಥರ ಸಂಘ ಎರಡು ಸಾವಿರದ ಮೂರರಲ್ಲೇ ಅದನ್ನು ಶುರು ಮಾಡಿತು. ಮೂರು ದಿನ ಸೀರೆ, ಕುಪ್ಪಸದ ಖಣ, ನೂಲು, ಬಣ್ಣ, ಮಗ್ಗದ ಸಾಮಾನಿನ ಪ್ರದರ್ಶನ. ಸೊಲ್ಲಾಪುರ, ಪುಣೆ, ಹುಬ್ಬಳ್ಳಿಯಿಂದ ಬಂದ ಖರೀದಿದಾರರ ಜೊತೆ ಮಾತುಕತೆ. ಜಮಖಂಡಿ, ಮುಧೋಳ, ಬೀಳಗಿ ಎಲ್ಲ ಕಡೆಯಿಂದ ವ್ಯಾಪಾರಸ್ಥರು ಬರುತ್ತಿದ್ದರು. ನಡೆಯುತ್ತಿದ್ದದ್ದು ಸಂಘದ ಸ್ವಂತ ಕಲ್ಯಾಣ ಮಂಟಪದಲ್ಲಿ. ಕಟ್ಟಿಸಿದ ಪುಣ್ಯಾತ್ಮರಿಗೆ ಎತ್ತರವೇ ದೊಡ್ಡಸ್ತಿಕೆ ಅನ್ನಿಸಿತ್ತೋ ಏನೋ, ರಸ್ತೆಯಿಂದ ಹಾಲ್‌ಗೆ ಹದಿನಾಲ್ಕು ಮೆಟ್ಟಿಲು.

ಮೊದಲ ವರ್ಷ ಸಂಘದ ಸೆಕ್ರೆಟರಿ ಮುರಗೆಪ್ಪ ಮೆಟ್ಟಿಲ ಬುಡದಲ್ಲೇ ಕಾದು ನಿಂತಿದ್ದ. ಒಳ್ಳೆಯ ಮನುಷ್ಯ. ಅವನ ಒಳ್ಳೆಯತನದಿಂದಲೇ ರತ್ನಾಬಾಯಿಗೆ ಮುಂದೆ ಒಂಬತ್ತು ವರ್ಷ ತಲೆನೋವಾಯಿತು.

"ಚಿಂತಿ ಮಾಡಬ್ಯಾಡ್ರಿ ಬಾಯಾರ, ಎತ್ಕೊಂಡ ಹೋಗತೀವಿ," ಅಂದ.

ಪ್ಲಾಸ್ಟಿಕ್ ಕುರ್ಚಿ ಬಂತು. ನಾಲ್ವರು ಗಂಡಸರು ನಾಲ್ಕು ಕಾಲು ಹಿಡಿದರು. ಏಳನೇ ಮೆಟ್ಟಿಲ ಹತ್ತಿರ ಒಬ್ಬ "ತಡೀಲೇ, ಕೈ ಜಾರಾಕತ್ತೈತಿ" ಅಂದ. ಕುರ್ಚಿ ಒಂದು ಕಡೆ ವಾಲಿತು. ರತ್ನಾಬಾಯಿ ಒಂದು ಕೈಯಲ್ಲಿ ಕುರ್ಚಿಯ ಅಂಚು, ಇನ್ನೊಂದು ಕೈಯಲ್ಲಿ ಮೇಲೆ ಸರಿಯುತ್ತಿದ್ದ ಸೀರೆಯ ನಿರಿಗೆ ಹಿಡಿದು ಕಣ್ಣು ಮುಚ್ಚಿದಳು. ಎರಡೂ ಕಡೆ ನಿಂತಿದ್ದ ಜನ ಚಪ್ಪಾಳೆ ತಟ್ಟಿದರು. ಯಾಕೆ ತಟ್ಟಿದರೋ ದೇವರಿಗೇ ಗೊತ್ತು. ಮೇಲೆ ಹೋದ ಮೇಲೆ ಇನ್ನೊಂದು ಫಜೀತಿ: ಮೂರುಗಾಲಿ ಸೈಕಲ್ಲು ಕೆಳಗೇ ಉಳಿದಿತ್ತು. ಕುರ್ಚಿ ಇಟ್ಟಲ್ಲೇ ಅವಳು ಕೂತಳು. ಬೆಳಗಿನ ಹತ್ತರಿಂದ ಸಂಜೆ ನಾಲ್ಕರವರೆಗೆ ಒಂದು ಗುಟುಕು ನೀರು ಕುಡಿಯಲಿಲ್ಲ. ಕುಡಿದರೆ ಹೋಗಬೇಕಾಗುತ್ತದೆ, ಹೋಗುವುದು ಎಲ್ಲಿಗೆ, ಯಾರನ್ನು ಕೇಳುವುದು. ಆ ದಿನ ಮನೆಗೆ ಬಂದು ನಿರ್ಧಾರ ಮಾಡಿದಳು: ಇನ್ನೊಮ್ಮೆ ಯಾರ ಕೈಯಿಂದಲೂ ಎತ್ತಿಸಿಕೊಳ್ಳುವುದಿಲ್ಲ.

ಮರುವರ್ಷ ಅರ್ಜಿ ಬರೆದಳು. ನಗರಸಭೆಯಲ್ಲಿ ಇಂಜಿನಿಯರ್ ಆಗಿದ್ದ ಪಕ್ಕದ ಮನೆಯ ಯಶೋಧರಾ ಒಂದು ನಕಾಶೆ ಬರೆದುಕೊಟ್ಟಿದ್ದಳು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು, ಹದಿನಾಲ್ಕು ಮೆಟ್ಟಿಲ ಏಳು ಅಡಿಗೆ ಎಂಬತ್ತನಾಲ್ಕು ಅಡಿ, ಗೋಡೆಗುಂಟ ಎರಡು ಸಲ ತಿರುಗಿಸಿದರೆ ಜಾಗ ಸಾಕಾಗುತ್ತದೆ ಎಂದು. ರತ್ನಾಬಾಯಿ ಅರ್ಜಿಯಲ್ಲಿ ಮೂರೇ ಮಾತು ಬರೆದಿದ್ದಳು. ಒಂದೋ ಇಳಿಜಾರು ಮಾಡಿಸಿರಿ. ಅದಾಗದಿದ್ದರೆ ಹಿಂದಿನ ಊಟದ ಹಾಲ್ ನೆಲಮಟ್ಟದಲ್ಲಿದೆ, ಖರೀದಿದಾರರ ಮಾತುಕತೆ ಅಲ್ಲಿ ಇಡಿರಿ. ಗಾಡಿ ಒಳಗೆ ಹೋಗುವಷ್ಟು ಅಗಲ ಬಾಗಿಲಿನ ಒಂದು ಪಾಯಖಾನೆ ಇರಲಿ.

ಮುರಗೆಪ್ಪ ನಕಾಶೆ ನೋಡಿ ನಕ್ಕ. "ಎಂಬತ್ನಾಕ ಅಡೀನಾ? ಬಾಯಾರ, ಅದು ಬಸ್‌ಸ್ಟ್ಯಾಂಡ್ ಮುಟ್ಟತೈತಿ."

"ತಿರುಗಿಸಿ ಮಾಡೂದರಿ. ಅದರಾಗ ಬರದೈತಿ, ನೋಡ್ರಿ."

"ಇರ್ಲಿ, ಇರ್ಲಿ. ನೋಡೂಣು."

"ಊಟದ ಹಾಲ್‌ನ್ಯಾಗರ ಮಾಡ್ರಿ. ಅದಕ್ಕ ಒಂದ ಇಟ್ಟಂಗಿನೂ ಬ್ಯಾಡ."

ಅವನ ಮುಖ ಗಂಭೀರವಾಯಿತು. "ಅದು ಹೆಂಗರಿ? ಹೊರಗಿಂದ ಬಂದವ್ರು. ಪಂಗತಿ ಹಾಕೂ ಜಾಗಾದಾಗ ಕುಂದರಿಸಿದ್ರ ಅವ್ರಿಗಿ ಮರ್ಯಾದಿ ಕೊಟ್ಟಂಗ ಆಕ್ಕೈತೇನು?"

ಬಂದವರಿಗೆ ಮರ್ಯಾದೆ ಮುಖ್ಯ. ಹಾಗಾಗಿ ಆ ವರ್ಷ ರತ್ನಾಬಾಯಿಗೆ ತ್ರಾಸವಾಗದಂಥ ಜಾಗ ಹುಡುಕಿದರು: ಗೇಟಿನ ಒಳಗೆ, ನೀರಿನ ಟಾಕಿಯ ಪಕ್ಕ, ಚಪ್ಪಲಿ ಬಿಡುವಲ್ಲಿ. ಒಂದು ಟೇಬಲ್ಲು, ಮೇಲೆ ಅವಳ ಸೀರೆ. ಬಿಳಿ ಸಫಾರಿ ಹಾಕಿದ ಒಬ್ಬ ದೊಡ್ಡ ಮನುಷ್ಯ ಬಂದು, ಅವಳ ಮುಂದೆ ಬೂಟು ಕಳಚಿ, "ನೋಡ್ಕೊಂಡಿರವಾ" ಎಂದು ಒಂದು ನಾಣ್ಯ ಟೇಬಲ್ಲಿನ ಮೇಲೆ ಇಟ್ಟು ಮೆಟ್ಟಿಲು ಹತ್ತಿಹೋದ. ಗುಲಗಂಜಿ ದಡಿಯ ಮೇಲೆಯೇ ಇಟ್ಟಿದ್ದ. ಅವಳು ನಾಣ್ಯವನ್ನು ತೆಗೆದು ಅವನ ಬೂಟಿನೊಳಗೆ ಹಾಕಿದಳು. ಸಂಜೆ ಅವಳಿಗೆ ಮೊದಲ ಶಾಲು ಹೊದಿಸಿದರು, ಅದೂ ಕೆಳಗೆ, ಚಪ್ಪಲಿಗಳ ನಡುವೆ. "ಅಂಗವೈಕಲ್ಯವನ್ನು ಮೆಟ್ಟಿ ನಿಂತ ಸಾಧಕಿ" ಎಂದು ಮೈಕಿನಲ್ಲಿ ಓದಿದರು. ಮೆಟ್ಟುವುದಂತೆ, ನಿಲ್ಲುವುದಂತೆ. ಆಗದ ಎರಡು ಕೆಲಸವನ್ನೇ ಹುಡುಕಿ ಅವಳ ಹೆಸರಿಗೆ ಹಚ್ಚಿದ್ದರು.

ಮುಂದೆ ಪ್ರತಿ ವರ್ಷ ಅದೇ ಪಾಠ. ಅವಳು ಅರ್ಜಿ ಕೊಡುವುದು, ಅವರು ಶಾಲು ಕೊಡುವುದು. ಒಂದು ವರ್ಷ ಶಾಲಿನ ಜೊತೆ ಹಣ್ಣಿನ ಬುಟ್ಟಿಯನ್ನೂ ಕೊಟ್ಟರು. ಇನ್ನೊಂದು ವರ್ಷ ಅರ್ಜಿಯನ್ನೇ ವೇದಿಕೆಯ ಮೇಲೆ ಓದಿ, ಎಂಥ ಛಲೋ ಅಕ್ಷರ ಎಂದು ಹೊಗಳಿದರು.

ಹಾಲ್‌ನೊಳಗೆ ತನ್ನ ಸೀರೆ ತೋರಿಸಲು ರತ್ನಾಬಾಯಿ ಶೇವಂತಿಯನ್ನು ಕಳಿಸುತ್ತಿದ್ದಳು. ಶೇವಂತಿ ಮಗ್ಗದ ಮುಂದೆ ಹುಲಿ, ಪರಊರಿನ ಖರೀದಿದಾರರ ಮುಂದೆ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಅದನ್ನು ನೋಡಿಕೊಂಡ ಕಾಶಪ್ಪ ಎಂಬ ಪವರ್‌ಲೂಮಿನ ವ್ಯಾಪಾರಿ ಗುಲಗಂಜಿ ದಡಿಯನ್ನು ಹಾಗೆಯೇ ಎತ್ತಿ ತನ್ನ ಮಷೀನಿಗೆ ಹಾಕಿದ. ಮುಂದಿನ ಮೇಳದಲ್ಲಿ ಅದು "ಕಾಶಪ್ಪನವರ ಗುಲಗಂಜಿ" ಆಗಿತ್ತು. ರತ್ನಾಬಾಯಿ ಕೆಳಗೆ ಟಾಕಿಯ ಪಕ್ಕ ಕೂತು ಕೂಗಿಕೊಂಡರೆ ಹದಿನಾಲ್ಕು ಮೆಟ್ಟಿಲ ಮೇಲೆ ಯಾರಿಗೆ ಕೇಳಬೇಕು? ಗಿರಾಕಿಗಳು ಕರಗಿದರು. ಕೆಲಸವಿಲ್ಲದ ಮಗ್ಗಗಳನ್ನು ಒಂದೊಂದಾಗಿ ಬಿಚ್ಚಿದರು. ಎರಡು ಸಾವಿರದ ಹನ್ನೆರಡರ ಹೊತ್ತಿಗೆ ಹನ್ನೊಂದರಲ್ಲಿ ಉಳಿದದ್ದು ಐದು.

ಆ ವರ್ಷ ಮೇಳಕ್ಕೆ ಹದಿನೈದು ದಿನ ಮೊದಲು ಸೊಲ್ಲಾಪುರದಿಂದ ಅಮೋಲ ಎಂಬ ಖರೀದಿದಾರನ ಫೋನು ಬಂತು. ಪುಣೆಯ ಅಂಗಡಿಗಳಿಗೆ ಕೈಮಗ್ಗದ ಮಾಲು ಒದಗಿಸುವವನು. ಕನ್ನಡ ಮರಾಠಿ ಎರಡೂ ಕಲಸಿ ಮಾತಾಡಿದ.

"ಗುಲಗಂಜಿ ದಡಿ ನಂದು ಅಂತ ಇಬ್ರು ಹೇಳಾಕತ್ತೀರಿ. ನನಗ ಖರೆ ಯಾವುದು ಬೇಕು. ಮೊದಲ್ನೇ ದಿನ ಮಧ್ಯಾಹ್ನ ಎರಡರ ತನಕ ಇರತೀನಿ. ಯಾರು ನನ್ನ ಮುಂದ ಕುಂತು ಬಿಡಿಸಿ ತೋರಸ್ತಾರ, ಅವ್ರ ಮಗ್ಗಕ್ಕ ವರ್ಷಪೂರ್ತಿ ಕೆಲಸ."

"ನಮ್ಮ ಮನಿಗೇ ಬರ್ರಿ," ಎಂದು ಅವಳ ಬಾಯಿಗೆ ಬಂದಿತ್ತು. ನುಂಗಿಕೊಂಡಳು. ಮೇಳದ ಮೂರು ದಿನ ಹೊರಗಿನ ಖರೀದಿದಾರರನ್ನು ಯಾರೂ ಮನೆಗೆ ಕರೆಯಬಾರದು ಎಂಬುದು ಸಂಘದ ಕಟ್ಟು. ಕದ್ದು ಕರೆದರೆ ಮುಂದೆ ಸಂಘದ ನೂಲು ಸಿಗುವುದಿಲ್ಲ. ಕಟ್ಟು ಮಾಡಿದವರು ಮೆಟ್ಟಿಲು ಹತ್ತಬಲ್ಲವರು.

ಐದು ಮಗ್ಗದವರೂ ಸಂಜೆ ಅವಳ ಮನೆಗೆ ಬಂದರು. ಶೇವಂತಿ ನೇರವಾಗಿಯೇ ಹೇಳಿದಳು. "ಇದೊಂದು ಕೆಲಸ ಸಿಗಲಿಲ್ಲಂದ್ರ ನಾವೂ ಬಿಚ್ಚತೀವಿ ಬಾಯಾರ. ಸಕ್ಕರಿ ಫ್ಯಾಕ್ಟರಿಯಾಗ ಚೀಲಾ ಹೊಲ್ಯಾಕರ ಹೋಗಬೇಕು."

ರತ್ನಾಬಾಯಿ ಒಂಬತ್ತನೇ ಅರ್ಜಿ ಬರೆದಳು. ನಾಲ್ಕು ದಿನಕ್ಕೆ ಮುರಗೆಪ್ಪನೇ ಫೋನು ಮಾಡಿದ. ದನಿಯಲ್ಲಿ ಹಬ್ಬದ ಸಂಭ್ರಮ.

"ಬಾಯಾರ, ಈ ಸಲ ನೀವು ಮಾತಾಡಾಂಗಿಲ್ಲ ನೋಡ್ರಿ. ರ‍್ಯಾಂಪ್ ಮಾಡಿಸೇವಿ."

ಅವಳು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದಳು. "ಖರೇ ಏನ್ರಿ? ಎಷ್ಟ ಉದ್ದ ಐತಿ?"

"ಉದ್ದ ಗಿದ್ದ ಎಲ್ಲಾ ಬರೋಬ್ಬರಿ ಐತಿ. ನೀವು ಬರ‍್ರಿ ಅಷ್ಟ."

ಫೋನಿಟ್ಟು ಅವಳು ಅತ್ತಳು. ಇಷ್ಟು ವರ್ಷ ಬೈದದ್ದೇ ತಪ್ಪಾಯಿತೇನೋ ಎಂದು ಮುರಗೆಪ್ಪನ ಬಗ್ಗೆ ಕನಿಕರವೂ ಬಂತು. ಆ ಹದಿನೈದು ದಿನದಲ್ಲಿ ಅವಳು ಮಾಡಿದ ಒಂದೇ ತಪ್ಪು ಅದು.

ಮೇಳದ ದಿನ ಹತ್ತು ಗಂಟೆಗೆ ತಾನೇ ನೇಯಿಸಿದ ಸೀರೆಯುಟ್ಟು, ತೊಡೆಯ ಮೇಲೆ ಸೀರೆಯ ಗಂಟು ಇಟ್ಟುಕೊಂಡು, ಸೈಕಲ್ಲು ತಿರುವುತ್ತ ಗೇಟಿನೊಳಗೆ ಬಂದಳು. ಶೇವಂತಿ ಹಿಂದೆ. ಮೊದಲು ಕಂಡದ್ದು ಮೆಟ್ಟಿಲು. ಹದಿನಾಲ್ಕೂ ಹಾಗೆಯೇ ಇದ್ದವು. ಅಂಗಳದಲ್ಲಿ ಪೆಂಡಾಲು, ಪೆಂಡಾಲಿನಲ್ಲಿ ಮೂರಡಿ ಎತ್ತರದ ಸ್ಟೇಜು. ಸ್ಟೇಜಿನ ಒಂದು ಬದಿಗೆ ಮೂರು ಮೆಟ್ಟಿಲು, ಇನ್ನೊಂದು ಬದಿಗೆ ಹಲಗೆಯ ಇಳಿಜಾರು. ಇಳಿಜಾರಿಗೆ ಕೆಂಪು ಜಮಖಾನೆ, ಹಿಡಿದು ಹತ್ತಲು ಬಿದಿರಿನ ಕಟಾಂಜನ, ಎರಡೂ ಕಡೆ ಸೇವಂತಿಗೆಯ ಕುಂಡ, ಬುಡದಲ್ಲಿ ದೊಡ್ಡ ರಂಗೋಲಿ, ಅಡ್ಡಕ್ಕೆ ರಿಬ್ಬನ್ನು.

ಮುರಗೆಪ್ಪ ಕೈಯುಜ್ಜುತ್ತ ಬಂದ. "ಹೆಂಗೈತ್ರಿ?"

"ಇದು ಎಲ್ಲಿಗೆ ಹೋಗತೈತ್ರಿ?"

"ಸ್ಟೇಜಿಗಿ."

"ಖರೀದಿದಾರ್ರು ಎಲ್ಲಿ ಅದಾರ?"

"ಮ್ಯಾಲ, ಹಾಲ್‌ನ್ಯಾಗ. ಆಗಲೇ ಸುರು ಆಗೈತಿ."

"ಮತ್ತ ಸ್ಟೇಜಿನಿಂದ ಹಾಲ್‌ಗೆ?"

ಮುರಗೆಪ್ಪನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನಿಜಕ್ಕೂ ಅರ್ಥವಾಗಲಿಲ್ಲ, ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು. "ಹಾಲ್‌ಗೆ ಯಾಕ ಹೋಗತೀರಿ ಬಾಯಾರ? ಸನ್ಮಾನ ಸ್ಟೇಜಿನ ಮ್ಯಾಲ ಐತಿ."

ರತ್ನಾಬಾಯಿಗೆ ಹಣೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಒಂಬತ್ತು ಅರ್ಜಿ ಓದಿದ ಮೇಲೂ ಈ ಮನುಷ್ಯನ ತಲೆಯಲ್ಲಿ ಅವಳು ಮೇಳಕ್ಕೆ ಬರುವುದು ಶಾಲು ಹೊದೆಯಲಿಕ್ಕೆ. ಅವಳಿಗೆ ಮಾರುವ ಸೀರೆಯಿದೆ, ಎದುರು ಪೈಪೋಟಿಯಿದೆ, ಐದು ಮನೆಯ ಅನ್ನ ಅವಳ ತೊಡೆಯ ಮೇಲಿನ ಗಂಟಿನಲ್ಲಿದೆ ಎಂಬುದು ಅಲ್ಲಿಗೆ ಹೊಕ್ಕೇ ಇಲ್ಲ. ಬೈಯಲು ಬಾಯಿ ತೆರೆದಳು. ಬೈದರೆ ಹೊತ್ತು ಹೋಗುತ್ತದೆ ಎಂದು ಮುಚ್ಚಿದಳು.

"ಊಟದ ಹಾಲ್ ಖಾಲಿ ಐತಿ. ಅಮೋಲ ಅವ್ರನ್ನ ಅರ್ಧಾ ತಾಸು ಅಲ್ಲಿಗೆ ಕರೀರಿ, ಸಾಕು."

"ಆಗೂದಿಲ್ರಿ. ಒಬ್ಬರಿಗೆ ಕರದ್ರ ಎಲ್ಲಾರೂ ಕರಿ ಅಂತಾರ. ನೀವು ಹೂಂ ಅನ್ರಿ, ನಾಲ್ಕ ಹುಡುಗ್ರು ಅದಾರ, ಎತ್ಕೊಂಡ ಹೋಗತಾರ."

"ಎತ್ತಸ್ಕೊಳ್ಳಾಂಗಿಲ್ಲ ಅಂತ ಎಷ್ಟ ಸಲ ಹೇಳಬೇಕ್ರಿ ನಾ?"

"ಅದ ನೋಡ್ರಿ, ನಿಮಗ ಸಿಟ್ಟ ಭಾಳ," ಎಂದು ಮುರಗೆಪ್ಪ ನೊಂದುಕೊಂಡು ಹೋದ.

ಉದ್ಘಾಟನೆಗೆ ಬರಬೇಕಾದವರು ಹೊಳಬಸಪ್ಪ ಸಾಹುಕಾರರು. ನೂಲಿನ ಹಳೆಯ ವ್ಯಾಪಾರಿ, ಸಂಘದ ಮೊದಲ ಅಧ್ಯಕ್ಷರು, ಎಂಬತ್ತರ ಹತ್ತಿರದ ವಯಸ್ಸು. ಆರು ವರ್ಷದಿಂದ ಅವರು ಮಂಟಪದ ಹಾಲ್‌ಗೆ ಕಾಲಿಟ್ಟಿರಲಿಲ್ಲ. ಯಾವುದೋ ಆಮಂತ್ರಣದಲ್ಲಿ ಅವರ ಹೆಸರು ಮೂರನೆಯದಾಗಿ ಅಚ್ಚಾಗಿತ್ತು, ಅದಕ್ಕೇ ಮುನಿದಿದ್ದಾರೆ ಎಂದು ಇಡೀ ಊರು ನಂಬಿತ್ತು. ಈ ಸಲ ಮುರಗೆಪ್ಪ ಅವರ ಕಾಲು ಹಿಡಿದು, ಹೆಸರನ್ನು ಎಲ್ಲರಿಗಿಂತ ಮೇಲೆ, ದಪ್ಪ ಅಕ್ಷರದಲ್ಲಿ ಹಾಕಿಸಿ ಒಪ್ಪಿಸಿದ್ದ. ಸಾಹುಕಾರರು ರಿಬ್ಬನ್ನು ಕತ್ತರಿಸುವವರೆಗೆ ಇಳಿಜಾರಿಗೆ ಯಾರೂ ಗಾಲಿ ಹಚ್ಚುವಂತಿಲ್ಲ. ರಂಗೋಲಿ ಕೆಡುತ್ತದೆ.

ಅವರು ಬಂದದ್ದು ಹನ್ನೆರಡೂವರೆಗೆ. ಎರಡೂವರೆ ತಾಸು ರತ್ನಾಬಾಯಿ ಬಿಸಿಲಲ್ಲಿ, ತನಗಾಗಿ ಮಾಡಿದ ಇಳಿಜಾರಿನ ಮುಂದೆ, ಅದರ ಮೇಲೆ ಹೋಗುವಂತಿಲ್ಲದೆ ಕೂತಿದ್ದಳು. ಶೇವಂತಿ ಮೂರು ಸಲ ಮೇಲೆ ಹೋಗಿಬಂದಳು.

"ಅಮೋಲ ಅವ್ರ ಮುಂದ ಕಾಶಪ್ಪ ಕುಂತಾನ್ರಿ. ಗುಲಗಂಜಿ ಹರವ್ಯಾನ. ನಾ ನಮ್ಮದು ಐತಿ ಅಂದೆ, 'ಮಾಲಕರ್ನ ಕರಕೊಂಡ ಬಾರವಾ' ಅಂದ್ರು."

"ಎಷ್ಟಕ್ಕ ಹೊಂಟಾರ?"

"ಎರಡಕ್ಕ ಹೊಂಡತೀನಿ ಅಂದಾರ. ಗಾಡಿ ಬಂದ ನಿಂತೈತಿ."

ಸಾಹುಕಾರರು ಕೋಲೂರಿಕೊಂಡು ಕಾರಿನಿಂದ ಇಳಿದರು. ರಿಬ್ಬನ್ನು ಕತ್ತರಿಸಿದರು, ಫೋಟೋ ಆಯಿತು. ಎಲ್ಲರೂ ಅವರ ಮುಖ, ಅವರ ಪೇಟ ನೋಡುತ್ತಿದ್ದರು. ರತ್ನಾಬಾಯಿ ಅವರ ಕಾಲು ನೋಡಿದಳು. ನಡೆಯಲಾಗದವರಿಗೆ ಇನ್ನೊಬ್ಬರ ಕಾಲು ನೋಡುವ ಚಟವಿರುತ್ತದೆ. ಮುದುಕರು ಮೂರು ಮೆಟ್ಟಿಲ ಕಡೆ ಒಮ್ಮೆ ನೋಡಿ, ಇಳಿಜಾರಿಗೆ ತಿರುಗಿ, ಬಿದಿರಿನ ಕಟಾಂಜನ ಹಿಡಿದು, ಒಂದು ಸಲವೂ ಮೊಣಕಾಲು ಬಗ್ಗಿಸದೆ ಮೇಲೆ ಹೋಗಿ ಉಸಿರು ಬಿಟ್ಟರು. ಆರು ವರ್ಷದ ಮುನಿಸು ಏನೆಂದು ಅವಳಿಗೆ ಅಲ್ಲೇ ತಿಳಿಯಿತು.

ಆಮೇಲೆ ಸ್ವಾಗತ, ಪ್ರಾಸ್ತಾವಿಕ, ಹಾರ ತುರಾಯಿ, ಮತ್ತೆ ಹಾರ ತುರಾಯಿ. ಒಂದೂ ಇಪ್ಪತ್ತಕ್ಕೆ ಅವಳ ಹೆಸರು ಕರೆದರು. ಇಳಿಜಾರು ಕಡಿದಾಗಿತ್ತು, ಶೇವಂತಿ ಹಿಂದಿನಿಂದ ನೂಕಬೇಕಾಯಿತು. ಸೇವಂತಿಗೆಯ ಒಂದು ಕುಂಡ ಉರುಳಿತು. ಒಂಬತ್ತನೇ ಶಾಲು ಹೆಗಲೇರಿತು. "ಈ ರ‍್ಯಾಂಪಿಗೆ ಪ್ರೇರಣೆಯಾದ ಸಹೋದರಿ ಎರಡು ಮಾತು ಹೇಳಬೇಕು," ಎಂದು ನಿರೂಪಕರು ಮೈಕು ಹಿಡಿದರು. ಪ್ರತಿ ವರ್ಷ ಅವಳು ಬೇಡವೆಂದು ತಲೆಯಾಡಿಸಿ ಬಿಡುತ್ತಿದ್ದಳು. ಈ ಸಲ ಮೈಕು ಇಸಿದುಕೊಂಡಳು.

"ನನಗ ಭಾಷಣಾ ಮಾಡಾಕ ಬರೂದಿಲ್ರಿ, ಸೀರಿ ಮಾರಾಕ ಬರತೈತಿ. ಸೀರಿ ತಗೊಳ್ಳವ್ರು ಮ್ಯಾಲ ಹಾಲ್‌ನ್ಯಾಗ ಅದಾರ. ಅಲ್ಲಿಗೆ ಹದಿನಾಲ್ಕ ಮೆಟ್ಟಲಾ ಅದಾವ. ಒಂಬತ್ತ ವರ್ಷ ಆತು, ಅರ್ಜಿ ಕೊಡಾಕತ್ತೇನಿ. ನೀವು ಇಲ್ಲಿ ತನಕ ಏರಿಸಿದ್ರಿ, ಶಾಲು ಹೊಚ್ಚಿದ್ರಿ. ಇಲ್ಲಿಂದ ನಾ ಎಲ್ಲಿಗೆ ಹೋಗ್ಲಿ, ಹೇಳ್ರಿ. ಊಟದ ಹಾಲ್ ಕೆಳಗ ಐತಿ, ಅಲ್ಲಿ ಮೀಟಿಂಗ್ ಮಾಡ್ರಿ ಅಂದ್ರ ಬಂದವ್ರಿಗೆ ಮರ್ಯಾದಿ ಅಲ್ಲ ಅಂತೀರಿ. ಬೆಳದ ಹೆಂಗಸನ್ನ ಕುರ್ಚಿ ಸಮೇತ ಹೊರೂದು ಮರ್ಯಾದಿ ಏನ್ರಿ? ನಾ ಎಂದರ ನಿಮಗ ಶಾಲು ಬೇಡೇನೇನು? ಮತ್ತ ಒಂದ ಮಾತು. ಮೆಟ್ಟಲಾ ಹತ್ತಾಕ ಆಗದಾಕಿ ಇಡೀ ಊರಾಗ ನಾ ಒಬ್ಬಾಕಿನ ಅಂತ ತಿಳದೀರಿ. ಇಲ್ಲಿ ಕುಂತವ್ರನ್ನ ಒಮ್ಮೆರ ಕೇಳೀರೇನು?"

ಮೈಕು ಕೊಟ್ಟುಬಿಟ್ಟಳು. ಆಮೇಲೆ ಚಪ್ಪಾಳೆ. ಭರ್ಜರಿ ಚಪ್ಪಾಳೆ. "ಎಂಥಾ ಸ್ಫೂರ್ತಿದಾಯಕ ಮಾತು," ಅಂದರು ನಿರೂಪಕರು. "ಮುಂದಿನ ಕಾರ್ಯಕ್ರಮ, ನೆನಪಿನ ಕಾಣಿಕೆ." ರತ್ನಾಬಾಯಿ ಅವರನ್ನು ದಿಟ್ಟಿಸಿ ನೋಡಿದಳು. ಇವರಿಗೆ ಬೈದರೂ ಚಪ್ಪಾಳೆ, ಬೇಡಿದರೂ ಚಪ್ಪಾಳೆ. ಇನ್ನು ಯಾವ ಭಾಷೆಯಲ್ಲಿ ಹೇಳಬೇಕು ಎಂದು ಅವಳಿಗೆ ಸುಸ್ತಾಯಿತು. ಗಡಿಯಾರದಲ್ಲಿ ಒಂದೂವರೆ.

ಆಗ ಅಧ್ಯಕ್ಷರ ಕುರ್ಚಿಯಲ್ಲಿದ್ದ ಹೊಳಬಸಪ್ಪ ಸಾಹುಕಾರರು ಪಕ್ಕದಲ್ಲಿ ನಿಂತಿದ್ದ ಮುರಗೆಪ್ಪನ ಕೈಯೆಳೆದರು. ಮೆಲ್ಲಗೆ ಹೇಳಬೇಕೆಂದಿದ್ದರು. ಮುಂದಿದ್ದ ಟೇಬಲ್ಲಿನ ಮೈಕು ಎಲ್ಲವನ್ನೂ ಹಿಡಿಯಿತು.

"ನನಗೂ ಆಗೂದಿಲ್ಲೋ ತಮ್ಮಾ."

"ಏನ್ರಿ ಸಾಹುಕಾರ?"

"ಮೆಟ್ಟಲಾ. ಮೊಣಕಾಲು ಹಿಡದಾವು. ಆರ ವರ್ಷ ಆತು."

ಮುರಗೆಪ್ಪ ಇನ್ನಷ್ಟು ಬಗ್ಗಿದ. "ಮತ್ತ ಹೆಸರಿನ ಸಂಬಂಧ ಸಿಟ್ಟಾಗೀರಿ ಅಂತ..."

"ಸಿಟ್ಟಂದ್ರ ಮಂದಿ ಹೆದರ್ತಾರ. ಮೊಣಕಾಲಂದ್ರ ಅಯ್ಯೋ ಅಂತಾರ." ಮುದುಕರು ಕೋಲನ್ನು ನೋಡುತ್ತ ಹೇಳಿದರು. "ಮೇಳಾ ನೋಡ್ಬೇಕು ಅಂತ ನನಗೂ ಆಸೆ ಐತಿ."

ಮುಂದಿನದನ್ನು ರತ್ನಾಬಾಯಿ ಜೀವಮಾನದಲ್ಲಿ ಮರೆಯಲಿಲ್ಲ. ಒಂದು ಚಪ್ಪಾಳೆಯೂ ಇಲ್ಲ. ಮುರಗೆಪ್ಪ ಸ್ಟೇಜಿನಿಂದ ಜಿಗಿದ. ಕಮಿಟಿಯವರೆಲ್ಲ ಎದ್ದರು. "ಸಾಹುಕಾರ್ರು ಮೇಳಾ ನೋಡಬೇಕಂತ, ಮೀಟಿಂಗ್ ಕೆಳಗ ತರ್ರಿ" ಎಂದು ಕೂಗು ಹೋಯಿತು. ಮೇಲಿನ ಟೇಬಲ್ಲು ಕುರ್ಚಿ ಇಳಿದುಬಂದವು, ಊಟದ ಹಾಲ್ ಗುಡಿಸಿದರು, ಬಿಳಿ ಬಟ್ಟೆ ಹಾಸಿದರು, ಖರೀದಿದಾರರು ಚಹಾದ ಕಪ್ಪು ಹಿಡಿದುಕೊಂಡೇ ಕೆಳಗೆ ಬಂದು ಕೂತರು. ತಮ್ಮ ಮರ್ಯಾದೆ ಹೋಯಿತೆಂದು ಅವರಲ್ಲಿ ಯಾರಿಗೂ ಅನ್ನಿಸಿದಂತೆ ಕಾಣಲಿಲ್ಲ. ಒಂಬತ್ತು ವರ್ಷ ಆಗದ ಕೆಲಸ ಹನ್ನೆರಡು ನಿಮಿಷದಲ್ಲಿ ಆಯಿತು. ಅವಳು ಗಡಿಯಾರ ನೋಡಿಕೊಂಡೇ ಇದ್ದಳು.

ಸಿಟ್ಟು ಮಾಡಲು ಆಗ ಹೊತ್ತಿರಲಿಲ್ಲ. ಸೈಕಲ್ಲು ತಿರುವಿಕೊಂಡು ಸೀದಾ ಅಮೋಲನ ಟೇಬಲ್ಲಿಗೆ ಹೋದಳು. ಕಾಶಪ್ಪ ಅಲ್ಲೇ ಕೂತಿದ್ದ. ಗಂಟು ಬಿಚ್ಚಿ ತನ್ನ ಸೀರೆಯನ್ನು ಅವನ ಸೀರೆಯ ಪಕ್ಕಕ್ಕೇ ಹರವಿದಳು.

ಅಮೋಲ ಎರಡನ್ನೂ ನೋಡಿದ. "ಎರಡೂ ಒಂದ ಕಾಣತಾವಲ್ರಿ."

"ಹೌದ್ರಿ. ಏಳನೇ ಕಾಳು ನೋಡ್ರಿ. ಎರಡರಾಗೂ."

ಪ್ರತಿ ಏಳನೇ ಗುಲಗಂಜಿಯ ಕರಿ ಮೂತಿ ಉಳಿದವುಗಳಂತೆ ಮೇಲಕ್ಕಿರದೆ ಕೆಳಕ್ಕೆ ತಿರುಗಿತ್ತು. ಎರಡೂ ಸೀರೆಯಲ್ಲಿ.

"ಯಾಕ ಹಿಂಗ ತಿರುಗೈತಿ ಅಂತ ಕಾಶಪ್ಪನವ್ರನ್ನ ಕೇಳ್ರಿ."

ಕಾಶಪ್ಪ ಕೆಮ್ಮಿದ. "ಡಿಸೈನ್‌ರಿ ಅದು. ಚಂದ ಕಾಣ್ಲಿ ಅಂತ."

"ಚಂದಕ್ಕಲ್ರಿ. ಮಗ್ಗದಾಗ ಕುಂತಾಕಿ ಏಳ ಕಾಳಿಗೊಮ್ಮೆ ಕಾಲಾಗಿನ ತುಳಿ ಬದಲ್ ಮಾಡಬೇಕು. ಲೆಕ್ಕ ತಪ್ಪಬಾರದು ಅಂತ ನಾ ಇಟ್ಟ ಗುರುತು ಅದು. ಶೇವಂತಿ, ಹೇಳ."

ಯಾರ ಮುಂದೆಯೂ ಬಾಯಿ ಬಿಡದ ಶೇವಂತಿ ತನ್ನ ಬಲಗಾಲನ್ನು ನೆಲದ ಮೇಲೆ ಒಮ್ಮೆ ತುಳಿದು ತೋರಿಸಿದಳು. "ತಿರುಗಿದ ಕಾಳು ಬಂತಂದ್ರ ಈ ಕಾಲ್ರಿ. ಅದ ಇಲ್ಲಂದ್ರ ನನಗ ನೇಯಾಕ ಬರೂದಿಲ್ಲ."

"ಪವರ್‌ಲೂಮಿಗೆ ಕಾಲೂ ಇಲ್ಲ, ತುಳೀನೂ ಇಲ್ಲ," ಅಂದಳು ರತ್ನಾಬಾಯಿ. "ಅದಕ್ಕ ಆ ಗುರುತು ಯಾಕ ಬೇಕಾಗಿತ್ತು?"

ಅಮೋಲ ಕಾಶಪ್ಪನ ಸೀರೆಯನ್ನು ಮಡಚಿ ಅವನ ಕಡೆ ಸರಿಸಿದ. ಎರಡು ಗಂಟೆಗೆ ಹೋಗಬೇಕಾದವನು ಮೂರೂವರೆಗೆ ಹೋದ. ಐದು ಮಗ್ಗಕ್ಕೂ ವರ್ಷಪೂರ್ತಿ ಕೆಲಸ ಬರೆದುಕೊಟ್ಟೇ ಹೋದ.

ಮುಂದಿನ ತಿಂಗಳೇ ಮಂಟಪಕ್ಕೆ ಗೌಂಡಿಗಳು ಬಂದರು. ಗೋಡೆಗುಂಟ ಎರಡು ಸಲ ತಿರುಗಿ, ಎಂಬತ್ತನಾಲ್ಕು ಅಡಿಯ ಇಳಿಜಾರು ಎದ್ದಿತು. ಅದು ಬಸ್‌ಸ್ಟ್ಯಾಂಡನ್ನೇನೂ ಮುಟ್ಟಲಿಲ್ಲ. ಸ್ಟೀಲಿನ ಕಟಾಂಜನ ಬಂತು, ಅಗಲ ಬಾಗಿಲಿನ ಪಾಯಖಾನೆ ಬಂತು. ಬುಡದಲ್ಲಿ ಕರಿಕಲ್ಲಿನ ಮೇಲೆ ಹೊಳಬಸಪ್ಪ ಸಾಹುಕಾರರ ಹೆಸರು ಬಂಗಾರದ ಬಣ್ಣದಲ್ಲಿ ಬಂತು. ರತ್ನಾಬಾಯಿಯ ಹೆಸರು ಎಲ್ಲೂ ಇರಲಿಲ್ಲ. ಅವಳಿಗೆ ಅದು ಬೇಕೂ ಇರಲಿಲ್ಲ. ಆದರೂ ಕಲ್ಲು ನೋಡಿದಾಗ ಹೊಟ್ಟೆ ಉರಿಯಿತು. ಉರಿಯಲಿಲ್ಲ ಅಂದರೆ ಸುಳ್ಳು ಹೇಳಿದಂತೆ.

ಮರುವರ್ಷದ ಮೇಳದ ದಿನ ಅವಳು ಯಾರ ಕೈಯೂ ಇಲ್ಲದೆ ಸೈಕಲ್ಲು ತಿರುವುತ್ತ ಮೇಲೆ ಹೊರಟಳು. ಅವಳೊಬ್ಬಳೇ ಇರಲಿಲ್ಲ. ಹಮಾಲರು ನೂಲಿನ ಮೂಟೆಗಳನ್ನು ತಲೆಯ ಮೇಲೆ ಹೊರುವುದು ಬಿಟ್ಟು ತಳ್ಳುಗಾಡಿಯಲ್ಲಿ ಒಯ್ಯುತ್ತಿದ್ದರು. ತುಂಬಿದ ಬಸುರಿಯೊಬ್ಬಳು ಕಟಾಂಜನ ಹಿಡಿದು ನಿಧಾನ ಹತ್ತುತ್ತಿದ್ದಳು. ಇಷ್ಟು ವರ್ಷ ಮೇಳಕ್ಕೆ ಮನಸ್ಸಿಲ್ಲ ಎಂದು ಮನೆಯಲ್ಲೇ ಕೂತಿದ್ದ ಎಷ್ಟೋ ಮುದುಕ ಮುದುಕಿಯ ಮುಖ ಅವಳಿಗೆ ಅಲ್ಲಿ ಕಂಡಿತು. ಎರಡನೇ ತಿರುವಿನಲ್ಲಿ ದಣಿವಾರಿಸಿಕೊಳ್ಳಲು ಸೈಕಲ್ಲು ನಿಲ್ಲಿಸಿದಾಗ ಮುರಗೆಪ್ಪ ಓಡಿಬಂದ. ಅವನ ಕಣ್ಣಲ್ಲಿ ನಿಜವಾದ ಖುಷಿಯಿತ್ತು.

"ಈಗರ ಸಮಾಧಾನ ಆತೇನ್ರಿ ಬಾಯಾರ?"

"ಆತ್ರಿ," ಅಂದಳು ರತ್ನಾಬಾಯಿ. "ಸಾಹುಕಾರ್ರ ಮೊಣಕಾಲು ಒಂಬತ್ತ ವರ್ಷ ಮೊದಲ ನೋಯಬೇಕಾಗಿತ್ತು, ಅಷ್ಟ."

ಮುರಗೆಪ್ಪ ಅದನ್ನು ಚೇಷ್ಟೆ ಎಂದುಕೊಂಡು ಹೊಟ್ಟೆ ಹಿಡಿದು ನಕ್ಕ. ಅವಳು ನಗಲಿಲ್ಲ. ಆ ಒಂಬತ್ತು ವರ್ಷದಲ್ಲಿ ಬಿಚ್ಚಿದ ಆರು ಮಗ್ಗಗಳ ಕಟ್ಟಿಗೆ ಯಾವಾಗಲೋ ಒಲೆಗೆ ಹೋಗಿತ್ತು, ಅವುಗಳಲ್ಲಿ ನೇಯುತ್ತಿದ್ದವರು ಈಗ ಸಕ್ಕರೆ ಫ್ಯಾಕ್ಟರಿಯಲ್ಲಿ ಚೀಲ ಹೊಲಿಯುತ್ತಿದ್ದರು.